ಹಲ್ಲು ಕಚ್ಚಿ ಹಾಡಿದ ಕ್ಯಾಸೆಟ್ಟು

ನನ್ನ ಗಂಡನ ದವಡೆ ಮುರಿಯುವಾಗ ನಾನು ರಸ್ತೆಯ ಈಚೆ ಬದಿಯಲ್ಲಿ ಟಿಫನ್ ಕ್ಯಾರಿಯರ್ ಹಿಡಿದುಕೊಂಡು ನಿಂತಿದ್ದೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಗೇಟು ಅದು. ಎಂಬತ್ತರ ದಶಕದ ಮೊದಮೊದಲ ವರ್ಷಗಳು. ಅವರು ಪವರ್ ಪ್ರೆಸ್ ಆಪರೇಟರ್. ತಗಡು ಇಟ್ಟು ಪೆಡಲ್ ತುಳಿದರೆ ಮೇಲಿನಿಂದ ಅಚ್ಚು ಬಂದು ಬೀಳುವ ಯಂತ್ರ. ಹಿಂದಿನ ತಿಂಗಳು ಒಬ್ಬ ಕೆಲಸಗಾರನ ಕೈ ಅದರಡಿ ಸಿಕ್ಕಿ ಮಣಿಕಟ್ಟಿನವರೆಗೂ ಜಜ್ಜಿಹೋಗಿತ್ತು. ಎಲ್ಲ ಯಂತ್ರಗಳಿಗೂ ಕೈ ಒಳಗೆ ಸಿಗದಂತೆ ತಡೆಯುವ ಗಾರ್ಡ್ ಹಾಕಿಸಿ ಎಂದು ಕೇಳಿ ಇವರೆಲ್ಲ ಗೇಟಿನ ಮುಂದೆ ಸ್ಟ್ರೈಕಿಗೆ ಕೂತಿದ್ದರು. ಬೆಳಗಿನ ತಿಂಡಿ ಕೊಡಲು ನಾನು ಹೋಗಿದ್ದೆ.

ಒಂದು ವ್ಯಾನು ಬಂದು ನಿಂತಿತು. ಇಳಿದವರು ಮಾತಾಡಲಿಲ್ಲ, ಬೈಯಲೂ ಇಲ್ಲ. ಸೈಕಲ್ ಚೈನನ್ನು ಕೈಗೆ ಸುತ್ತಿಕೊಂಡು ಕೂತವರ ಮೇಲೆ ಬೀಸತೊಡಗಿದರು. ಚೈನು ಗಾಳಿಯಲ್ಲಿ ಹೋಗುವಾಗ ಸುಂಯ್ ಎನ್ನುತ್ತದೆ. ಮೈಗೆ ಬಿದ್ದಾಗ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಸದ್ದು. ನನ್ನ ಗಂಡ ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದರು. ಒಬ್ಬ ಕಬ್ಬಿಣದ ರಾಡಿನಿಂದ ಆ ಬಾಯಿಗೇ ಹೊಡೆದ. ಅವರು ಬಿದ್ದರು. ಬಿದ್ದವರ ಮುಖವನ್ನು ಇನ್ನೊಬ್ಬ ಬೂಟುಗಾಲಿನಿಂದ ಸಿಮೆಂಟಿಗೆ ಒತ್ತಿದ. ನಾನು ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಹಲ್ಲುಗಳನ್ನು ನೆಲದಿಂದ ಆರಿಸಿ ಸೆರಗಿಗೆ ಕಟ್ಟಿಕೊಂಡೆ. ಡಾಕ್ಟರು ಮತ್ತೆ ಕೂರಿಸುತ್ತಾರೇನೋ ಎಂದು ಆ ಹೊತ್ತಿನಲ್ಲಿ ಹೊಳೆದಿತ್ತು.

ವ್ಯಾನಿಗೆ ಒರಗಿ ಒಬ್ಬ ಸೀಬೆಹಣ್ಣು ತಿನ್ನುತ್ತಾ ನಿಂತಿದ್ದ. ಅವನು ಯಾರ ಮೇಲೂ ಕೈ ಮಾಡಲಿಲ್ಲ. ವಿಜಯನಗರದ ಕಡೆಯವನು, ಅವನನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು. ಮನೆ ಖಾಲಿ ಮಾಡಿಸುವುದು, ಸ್ಟ್ರೈಕು ಮುರಿಯುವುದು ಅವನ ಕೆಲಸ. ಭಾದ್ರಪದ ಬಂದರೆ ಏರಿಯಾದಲ್ಲಿ ದೊಡ್ಡ ಗಣಪತಿ ಕೂರಿಸುವವನೂ ಅವನೇ. ಹಣ್ಣಿನ ಕೊನೆಯ ಚೂರನ್ನು ಬಾಯಿಗೆ ಹಾಕಿಕೊಂಡು, 'ಸಾಕು ನಡೀರೋ' ಎಂದ. ವ್ಯಾನು ಹೊರಟುಹೋಯಿತು.

ಆಗ ನಾನು ಜನಪದ ಗೀತೆ ಹಾಡುವವಳೆಂದು ಒಂದಿಷ್ಟು ಹೆಸರು ಮಾಡಿದ್ದೆ. ನನ್ನ ತವರು ಹೆಗ್ಗನಹಳ್ಳಿ. ಅಲ್ಲಿ ಆಗಿನ್ನೂ ರಾಗಿ ಹೊಲಗಳಿದ್ದವು. ಅವ್ವ ಸುತ್ತಮುತ್ತಲ ಊರುಗಳಲ್ಲೆಲ್ಲ ಸೋಬಾನೆ ಹಾಡುವವಳು. ಹೆಣ್ಣುಗಂಡನ್ನು ಹಸೆಗೆ ಕರೆಯುವ ಹಾಡು ಅವ್ವನ ಬಾಯಿಂದಲೇ ಬರಬೇಕು ಎಂದು ಜನ ಎತ್ತಿನ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದ ಕಾಲವಿತ್ತು. ನನಗೆ ಬಂದದ್ದೆಲ್ಲ ಅವಳಿಂದ ಬಂದದ್ದು. ಮದುವೆಯಾಗಿ ರಾಜಾಜಿನಗರದ ವಠಾರಕ್ಕೆ ಬಂದ ಮೇಲೆ ಒಂದು ಕ್ಯಾಸೆಟ್ ಕಂಪನಿಯವರು ನನ್ನ ದನಿ ಕೇಳಿ ಎರಡು ಕ್ಯಾಸೆಟ್ಟು ಮಾಡಿಸಿದ್ದರು. ಅವ್ವ, ಅವಳ ಜೊತೆಯ ಹೆಂಗಸರು ಹಿಮ್ಮೇಳ. ಕವರಿನ ಮೇಲೆ ನಾನು ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ನಗುತ್ತಿರುವ ಫೋಟೋ. ಮದುವೆ ಮನೆಗಳಲ್ಲಿ ಆ ಕ್ಯಾಸೆಟ್ಟುಗಳು ಓಡುತ್ತಿದ್ದವು.

ಆಸ್ಪತ್ರೆಯಲ್ಲಿ ನನ್ನ ಗಂಡನ ಮೇಲಿನ ಕೆಳಗಿನ ದವಡೆಯನ್ನು ತಂತಿಯಿಂದ ಬಿಗಿದು ಕಟ್ಟಿದರು. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಬಿದ್ದ ಹಲ್ಲಿನ ಸಂದಿಯಲ್ಲಿ ನಳಿಗೆ ತೂರಿಸಿ ಕುಡಿಸುತ್ತಿದ್ದೆ. ನೋವು ಹೆಚ್ಚಾದಾಗ ಅವರಿಗೆ ಕಿರುಚಲು ಬಾಯಿ ಇರಲಿಲ್ಲ. ಮೂಗು, ಗಂಟಲಿನಿಂದ ಒಂದೇ ಸ್ವರ ಹೊರಡುತ್ತಿತ್ತು. ಅದು ತಂಬೂರಿಯ ಹಾಗೆ ನಿಲ್ಲದೆ ಬರುತ್ತಿತ್ತು. ವಠಾರದ ಮಕ್ಕಳು ನಮ್ಮ ಬಾಗಿಲ ಮುಂದೆ ಆಡುವುದನ್ನೇ ಬಿಟ್ಟವು.

ಆ ದಿನಗಳಲ್ಲೇ ಬಸವೇಶ್ವರನಗರದ ಒಂದು ಮದುವೆಗೆ ಹಾಡಲು ಕರೆ ಬಂತು. ಮೊದಲೇ ಒಪ್ಪಿಕೊಂಡದ್ದು, ಹೋದೆ. ಗಂಡು ಹಸೆಯ ಮೇಲೆ ಕೂತು ಯಾರದೋ ಮಾತಿಗೆ ಬಾಯಿ ತುಂಬ ನಕ್ಕ. ಆ ಸಾಲು ಹಲ್ಲು ನೋಡಿದವಳಿಗೆ ಸೋಬಾನೆಯ ಮೊದಲ ಸೊಲ್ಲೇ ಹೊರಡಲಿಲ್ಲ. ಮತ್ತೊಮ್ಮೆ ಎತ್ತಿಕೊಂಡೆ, ಆಗಲಿಲ್ಲ. ಎದ್ದು ಹೊರಗೆ ಬಂದು ಚರಂಡಿಯ ಪಕ್ಕ ವಾಂತಿ ಮಾಡಿದೆ.

ಮಾರನೇ ದಿನ ಬಟ್ಟೆ ಒಗೆಯುತ್ತಿದ್ದಾಗ ನನ್ನದೇ ಸಾಲೊಂದು ಬಂತು.

ಗೇಟಿಗೂ ಬಾಯಿ, ಗಂಡಂಗೂ ಬಾಯಿ
ಯಾವ ಬಾಯಿಗೆ ಗಂಜಿ ಹಾಕ್ಲಿ ನಾನು

ಅದಕ್ಕೆ ಅವ್ವನ ಯಾವ ಮಟ್ಟೂ ಹೊಂದಲಿಲ್ಲ. ಹಾಡಿದರೆ ಕೂಗಿದಂತಿತ್ತು. ಬಟ್ಟೆ ಬಡಿಯುವುದೇ ತಾಳವಾಯಿತು. ಹಾಗೆ ಬಡಿಯುತ್ತಾ ಬಡಿಯುತ್ತಾ ಅವರ ಅಂಗಿಯ ಗುಂಡಿಗಳನ್ನೆಲ್ಲ ಪುಡಿ ಮಾಡಿದ್ದೆ.

ನಮ್ಮ ವಠಾರದ ಕೊನೆಯ ಮನೆಯಲ್ಲಿ ಆರ್ಕೆಸ್ಟ್ರಾಗಳಿಗೆ ಗಿಟಾರ್ ನುಡಿಸುವ ಒಬ್ಬನಿದ್ದ. ಮನೆಮಾತು ತಮಿಳು, ನನಗಿಂತ ಒಂದೆರಡು ವರ್ಷ ಚಿಕ್ಕವನು. ನೀರು ಹಿಡಿಯಲು ಬಂದವನು ಕೊಡ ಕೆಳಗಿಟ್ಟು ಕೇಳುತ್ತಾ ನಿಂತ.

'ಅಕ್ಕಾ, ಇದು ಯಾರ ಹಾಡು?'

'ನಂದೇ.'

'ಇನ್ನೊಂದ್ಸಲ ಹಾಡಿ. ಮೆಲ್ಲಗೆ ಬೇಡ. ಈಗ ಹಾಡಿದ್ರಲ್ಲ, ಹಂಗೇ.'

ಸಂಜೆ ತನ್ನ ಎಲೆಕ್ಟ್ರಿಕ್ ಗಿಟಾರು, ಆಂಪ್ಲಿಫೈಯರ್ ಹೊತ್ತು ನಮ್ಮ ಮನೆಗೆ ಬಂದ. ನುಡಿಸಿದ. ಇಂಪಾಗಿತ್ತು. ನಾನು ತಲೆ ಅಲ್ಲಾಡಿಸಿದೆ. ಅವನು ಸ್ವಲ್ಪ ಯೋಚಿಸಿ, ಆಂಪ್ಲಿಫೈಯರಿನ ಮುಂದಿನ ಬಟ್ಟೆ ಬಿಚ್ಚಿ, ದಾಡಿ ಬ್ಲೇಡಿನಿಂದ ಸ್ಪೀಕರಿನ ಕಾಗದವನ್ನು ಉದ್ದುದ್ದ ಸೀಳಿದ. ಮತ್ತೆ ತಂತಿ ಮೀಟಿದಾಗ ತಗಡು ಹರಿದಂಥ ಸದ್ದು ಬಂತು. ಹಾಸಿಗೆಯಲ್ಲಿ ಮಲಗಿದ್ದ ನನ್ನ ಗಂಡ ಧಡಕ್ಕನೆ ಎದ್ದು ಕೂತು ಗೋಡೆಗೆ ಅಂಟಿಕೊಂಡರು. ಗಿಟಾರಿನವನು ಹೆದರಿ ನಿಲ್ಲಿಸಿದ. ಅವರು ಕೈಸನ್ನೆ ಮಾಡಿದರು, ನುಡಿಸು ಎಂದು.

ಮಳೆಗಾಲ ಶುರುವಾಗುವಷ್ಟರಲ್ಲಿ ಒಂದು ಕ್ಯಾಸೆಟ್ಟಿಗೆ ಆಗುವಷ್ಟು ಹಾಡು ಕೂಡಿದವು. ಕ್ಯಾಸೆಟ್ ಕಂಪನಿಯ ಯಜಮಾನರು ಮೂರನೆಯದನ್ನು ಕೇಳುತ್ತಲೇ ಇದ್ದರು. ಹೊಸ ಹಾಡು ಎಂದೆನೇ ಹೊರತು ಎಂಥವು ಎಂದು ನಾನು ಬಿಡಿಸಿ ಹೇಳಲಿಲ್ಲ, ಅವರೂ ಕೇಳಲಿಲ್ಲ. ರಾಜಾಜಿನಗರದಲ್ಲೇ ಒಂದು ಮನೆಯ ಹಿಂಬದಿಯ ಕೋಣೆಗೆ ಗೋಡೆ ತುಂಬ ತೆಂಗಿನ ನಾರಿನ ಚಾಪೆ ಹೊಡೆದು ಸ್ಟುಡಿಯೋ ಮಾಡಿದ್ದರು. ಅವ್ವ ಎಂದಿನಂತೆ ತನ್ನ ಹೆಂಗಸರನ್ನು ಕರೆದುಕೊಂಡು ಹೆಗ್ಗನಹಳ್ಳಿಯಿಂದ ಬಂದಳು. ಹೊಸ ಸೀರೆ ಉಟ್ಟು, ತಲೆ ತುಂಬ ಕನಕಾಂಬರ ಮುಡಿದಿದ್ದಳು.

ಕೋಣೆಯಲ್ಲಿ ತಮಟೆ ಇರಲಿಲ್ಲ, ತಬಲಾ ಇರಲಿಲ್ಲ. ಒಂದು ಸೈಕಲ್ ಚೈನು, ಕಾರ್ಖಾನೆಯ ಗೆಳೆಯರು ತಂದುಕೊಟ್ಟ ದಪ್ಪ ತಗಡು, ಸುತ್ತಿಗೆ ಇದ್ದವು. ಗಿಟಾರಿನವನು ಚೈನನ್ನು ತಗಡಿನ ಮೇಲೆ ಬೀಸಿದ. ನಾನು ಹಾಡಿದೆ. ಒಂದು ಕಡೆ ಹಾಡು ಬರೀ ಕಿರುಚಾಟವಾಗುತ್ತಿತ್ತು, ಅದನ್ನೂ ಕಿರುಚಿದೆ. ಅವ್ವ ಕೊನೆಯವರೆಗೂ ಕೇಳಿದಳು. ಆಮೇಲೆ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಮೈಕಿನ ಮುಂದೆಯೇ ಹೊಡೆದದ್ದರಿಂದ ಆಚೆ ಕೂತಿದ್ದ ಎಂಜಿನಿಯರ್ ಕಿವಿಯ ಹೆಡ್‌ಫೋನ್ ಕಿತ್ತು ಎಸೆದರು.

'ಆ ಗಂಟಲು ನಾನ್ ಕೊಟ್ಟಿದ್ದು ಕಣೇ,' ಎಂದಳು. 'ನಮ್ಮವ್ವ ನಂಗೆ ಕೊಟ್ಟಿದ್ದು, ನಾನ್ ನಿಂಗೆ ಕೊಟ್ಟಿದ್ದು. ಅದ್ರಲ್ಲಿ ಈ ಕಿತ್ತೋದ್ ಸದ್ದು ತುಂಬ್ತೀಯಾ?'

'ಅವ್ವಾ, ಅವ್ರ ಬಾಯಿ ನೋಡಿದೀಯಲ್ಲ ನೀನು.'

'ನೋಡಿದೀನಿ. ಅದ್ಕೆ ಅಳು. ಮಣ್ಣಲ್ಲಿ ಹೊರಳಾಡಿ ಅಳು, ಜೊತೆಗೆ ನಾನೂ ಅಳ್ತೀನಿ. ಹಾಡು ಅಂತ ಯಾಕ್ ಕರೀತೀಯ ಇದ್ನ?'

ನನಗೂ ಸಿಟ್ಟು ನೆತ್ತಿಗೇರಿತ್ತು. 'ನಿನ್ ಹಾಡಲ್ಲಿ ಯಾರ್ ಬಾಯಿಗೂ ಹೊಡೆಯಲ್ಲ ಕಣವ್ವಾ, ಅದ್ಕೆ ನಂಗೆ ಅದು ಬರ್ತಾ ಇಲ್ಲ,' ಎಂದೆ. ಅವ್ವ ಮತ್ತೆ ಕೈ ಎತ್ತಿದಳು, ಹೊಡೆಯಲಿಲ್ಲ. ಮುಡಿಯಿಂದ ಹೂವು ಕಿತ್ತು ನೆಲಕ್ಕೆ ಹಾಕಿ, ತನ್ನ ಹೆಂಗಸರನ್ನು ಎಬ್ಬಿಸಿಕೊಂಡು ಹೊರಟುಹೋದಳು.

ಹಿಮ್ಮೇಳವಿಲ್ಲದೆ ಉಳಿದೆವು. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ನನ್ನ ಗಂಡ ಎದ್ದು ಮೈಕಿನ ಹತ್ತಿರ ಬಂದರು. ತಂತಿ ಇನ್ನೂ ಬಿಚ್ಚಿರಲಿಲ್ಲ. ಕಚ್ಚಿದ ಹಲ್ಲಿನ ಸಂದಿಯಿಂದಲೇ, 'ನನ್ ಬಾಯ್ನೂ ಹಾಕು,' ಎಂದರು. ನೋವಿನಲ್ಲಿ ಹೊರಡಿಸುತ್ತಿದ್ದ ಆ ಒಂದೇ ಸ್ವರವನ್ನು ಹೊರಡಿಸಿದರು. ಅದನ್ನೇ ಶ್ರುತಿಯಾಗಿಟ್ಟುಕೊಂಡು ನಾನು ಎಲ್ಲ ಹಾಡುಗಳನ್ನೂ ಹಾಡಿದೆ. ಅವರು ಎಲ್ಲಿಯೂ ಸ್ವರ ಬಿಡಲಿಲ್ಲ. ಮುಗಿದಾಗ ತಂತಿಯ ಸುತ್ತ ರಕ್ತ ಒಸರಿ ಗಲ್ಲದ ಮೇಲೆ ಇಳಿದಿತ್ತು. ಗಿಟಾರಿನವನು ತನ್ನ ಕರ್ಚೀಫು ಕೊಟ್ಟ.

ಯಜಮಾನರು ಕೇಳಿ ತಲೆ ಮೇಲೆ ಕೈ ಹೊತ್ತುಕೊಂಡರು. 'ಏನಮ್ಮಾ ಇದು, ಯಾರ ಮದುವೇಲಿ ಹಾಕ್ತಾರೆ ಇದನ್ನ?' ಆದರೂ ಅಂಗಡಿಯವರಿಗೆ ಮಾತು ಕೊಟ್ಟಿದ್ದರಿಂದ ಸ್ವಲ್ಪ ಪ್ರತಿ ಹೊರಗೆ ಬಿಟ್ಟರು. ಹೆಸರು 'ಗೇಟು' ಎಂದಿರಬೇಕು ಎಂದು ನಾನು ಹಟ ಹಿಡಿದೆ. ಅವರು ಹಾಗೇ ಇಟ್ಟು, ಅದರ ಕೆಳಗೆ 'ಜಾನಪದ ಗೀತೆಗಳು' ಎಂದು ಹಾಕಿಸಿ, ಹಳೆಯ ಬಿಂದಿಗೆಯ ಫೋಟೋವನ್ನೇ ಅಚ್ಚು ಮಾಡಿಸಿದರು. ನಾಮಕರಣದ ಮನೆಯಲ್ಲಿ ಅದನ್ನು ಹಾಕಿದ ಒಬ್ಬರು ಮಗು ಬೆಚ್ಚಿಬಿತ್ತೆಂದು ಅಂಗಡಿಗೆ ನುಗ್ಗಿ ಗಾಜಿನ ಕಪಾಟಿಗೆ ಒದ್ದರಂತೆ.

ಆ ಫೋಟೋ ನೋಡಿಯೇ ನನಗೆ ವಿಜಯನಗರದ ಗಣಪತಿ ಪೆಂಡಾಲಿನಿಂದ ಕರೆ ಬಂತು. ಯಾರ ಪೆಂಡಾಲು ಎಂದು ಕೇಳಬೇಕಾಗಿರಲಿಲ್ಲ. ಕರೆಯಲು ಬಂದವನು, 'ಅಣ್ಣಂಗೆ ಜನಪದ ಅಂದ್ರೆ ಪ್ರಾಣ ಕಣಕ್ಕಾ,' ಎಂದ. ನಾನು ಯಾರ ಹೆಂಡತಿ ಎಂದು ಅವರಿಗೆ ಗೊತ್ತಿರಲಿಲ್ಲ. ಹೊಡೆಯುವವರು ಹೊಡೆಸಿಕೊಂಡವರ ಮುಖವನ್ನು ಎಷ್ಟೆಂದು ನೆನಪಿಟ್ಟುಕೊಳ್ಳುತ್ತಾರೆ.

ಗಿಟಾರಿನವನು ಬೇಡ ಎಂದ. ಆ ಹೊತ್ತಿಗೆ ತಂತಿ ಬಿಚ್ಚಿದ್ದರೂ ನನ್ನ ಗಂಡನ ಮಾತು ತೊದಲಾಗಿತ್ತು. ಅವರು, 'ಹೋಗಣ. ಅವನ್ ಕೇಳ್ಲಿ,' ಎಂದರು. ಗಿಟಾರಿನವನು ನಮ್ಮಿಬ್ಬರ ಮುಖ ನೋಡಿ, ಬೈದುಕೊಂಡೇ ಆಂಪ್ಲಿಫೈಯರ್ ಎತ್ತಿಕೊಂಡ.

ದೀಪ ಹಚ್ಚುವ ಹೊತ್ತು. ಬೀದಿಗೆ ಅಡ್ಡ ಪೆಂಡಾಲು, ಬಣ್ಣದ ಟ್ಯೂಬ್‌ಲೈಟು, ಆಚೆ ಈಚೆ ಬೀದಿಗಳಿಗೂ ಕಟ್ಟಿದ ಹಾರ್ನ್ ಸ್ಪೀಕರುಗಳು. ಮುಂದಿನ ಸಾಲಿನಲ್ಲಿ ಅಣ್ಣ ಬಿಳಿ ಅಂಗಿ ತೊಟ್ಟು, ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಕೂತಿದ್ದ. ನನ್ನ ಗಂಡ ವೇದಿಕೆಯ ಮೇಲೆ ನನ್ನ ಪಕ್ಕ ಕೂತು ಶ್ರುತಿ ಹಿಡಿದರು. ನಾನು ಎತ್ತಿಕೊಂಡೆ.

ಗೇಟಿನ ಮುಂದೆ ಹಣ್ಣು ತಿಂದೋನೆ
ನೀನು ಉಗಿದ ಬೀಜ ನನ್ ಗಂಡನ್ ಹಲ್ಲು

ಜನ ಮೊದಲು ತಮಾಷೆ ಎಂದುಕೊಂಡು ನಕ್ಕರು. ಗಿಟಾರು ಹರಿದುಕೊಂಡಾಗ ನಗು ನಿಂತಿತು. ಅಣ್ಣ ನನ್ನನ್ನು ನೋಡುತ್ತಿದ್ದವನು ನನ್ನ ಪಕ್ಕದಲ್ಲಿ ಕೂತಿದ್ದ ಗಂಡನ ಸೊಟ್ಟ ದವಡೆಯನ್ನು ನೋಡಿದ. ಗುರುತು ಹತ್ತಿದ್ದು ಅವನ ಮುಖದಲ್ಲಿ ಕಂಡಿತು. ಕೈಬೆರಳು ಎತ್ತಿದ, ಅಷ್ಟೆ.

ಮೊದಲು ಸೋಡಾ ಬಾಟಲಿಗಳು ಬಂದವು. ಒಂದು ನನ್ನ ಕಾಲಬಳಿ ಒಡೆದು ಗಾಜು ಮೀನಖಂಡಕ್ಕೆ ಹೊಕ್ಕಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಓಡಿದರು. ಹುಡುಗರು ವೇದಿಕೆ ಹತ್ತಿ ಗಿಟಾರನ್ನು ಕಿತ್ತು ಮೆಟ್ಟಿಲಿಗೆ ಬಡಿದು ಎರಡು ತುಂಡು ಮಾಡಿದರು, ಗಿಟಾರಿನವನ ಬೆರಳುಗಳ ಮೇಲೆ ನಿಂತು ಕುಣಿದರು. ನನ್ನ ಗಂಡ ನನಗೆ ಅಡ್ಡ ಬಂದರು. ಅವರ ಬೆನ್ನಿಗೆ ಬೆಲ್ಟುಗಳು ಬಿದ್ದವು. ಕಬ್ಬಿಣದ ಮಡಚುವ ಕುರ್ಚಿಯೊಂದು ಎಲ್ಲಿಂದಲೋ ಬಂದು ನನ್ನ ಹೆಗಲಿಗೆ ಬಡಿಯಿತು. ಮೂಳೆ ಲಟಕ್ಕೆಂದದ್ದು ನನ್ನ ಕಿವಿಗೇ ಕೇಳಿಸಿತು. ಬಿದ್ದಲ್ಲಿಂದ ಮೈಕ್‌ಸೆಟ್ಟಿನ ಪೆಟ್ಟಿಗೆ ಕಾಣುತ್ತಿತ್ತು, ಅದರ ಕೆಂಪು ದೀಪ ಉರಿಯುತ್ತಲೇ ಇತ್ತು. ಮೈಕು ಆರಿಸುವುದು ಯಾರಿಗೂ ಹೊಳೆದಿರಲಿಲ್ಲ. ಏಟು, ಬೈಗುಳ, ನನ್ನ ಕಿರುಚಾಟ, ಎಲ್ಲ ಹಾರ್ನುಗಳಲ್ಲಿ ಹೊರಟು ಬೀದಿಬೀದಿಗೂ ಹೋಗಿತ್ತು. ಆಚೆ ಬೀದಿಯವರು ಅದೂ ಹಾಡಿನ ಭಾಗವೇ ಎಂದುಕೊಂಡು ಮನೆಯಲ್ಲೇ ಕೂತು ಕೇಳಿದರಂತೆ. ಆಮೇಲೆ ನಮ್ಮನ್ನು ಆಟೋಗೆ ಹತ್ತಿಸಿದ ಆ ಬೀದಿಯ ಹಾಲಿನವರು ಹಾಗೆಂದು ಹೇಳಿದರು.

ಎರಡನೆಯ ದಿನ ಅವ್ವ ಆಸ್ಪತ್ರೆಗೆ ಬಂದಳು. ಸ್ಟುಡಿಯೋ ಬಿಟ್ಟು ಹೋದ ಮೇಲೆ ನಾವು ಮಾತಾಡಿರಲಿಲ್ಲ. ನನ್ನ ಕೈಯನ್ನು ಕತ್ತಿಗೆ ತೂಗುಹಾಕಿದ್ದರು. ಅವ್ವ ಹಾಸಿಗೆಯ ಅಂಚಿನಲ್ಲಿ ಕೂತು, ಸಿಕ್ಕುಗಟ್ಟಿದ್ದ ನನ್ನ ಕೂದಲನ್ನು ಬಿಡಿಸಿ ಹೆಣೆದಳು. ಕೂದಲಲ್ಲಿ ಇನ್ನೂ ಗಾಜಿನ ಪುಡಿ ಇತ್ತು, ಅವಳ ಬೆರಳು ಕುಯ್ದು ರಕ್ತ ಬಂತು. ಸೀರೆಗೆ ಒರೆಸಿಕೊಂಡಳು.

'ನಿನ್ ಹಾಡು ನಂಗೆ ಸೇರಲ್ಲ,' ಎಂದಳು. 'ಇವತ್ತೂ ಸೇರಲ್ಲ, ನಾಳೆನೂ ಸೇರಲ್ಲ. ಹಂಗಂತ ನಾನ್ ಹೊಡೀಬಹುದು, ನಾನ್ ಹೆತ್ತೋಳು. ಅವ್ನಿಗ್ಯಾರ್ ಹಕ್ಕು ಕೊಟ್ರು?'

ಜಡೆಯ ತುದಿಗೆ ಗಂಟು ಹಾಕಿದಳು.

'ಅವ್ನ ಮದ್ವೇಲಿ ಹಾಡಿದ್ದು ನಾನು ಕಣೇ. ಅವ್ರವ್ವ ಗಾಡಿ ಕಳ್ಸಿದ್ಲು.'

ಆ ವಿಷಯ ನನಗೆ ಗೊತ್ತಿರಲಿಲ್ಲ. ಅವ್ವ ಅಷ್ಟು ಹೇಳಿ ಎದ್ದು ಹೋದಳು. ಆಮೇಲೆ ನಡೆದದ್ದನ್ನು ಅವಳ ಜೊತೆ ಹೋಗಿದ್ದ ಹೆಂಗಸರು ನನಗೆ ಹೇಳಿದರು.

ಹಾಡುಹಗಲಲ್ಲಿ, ಎಲ್ಲರೂ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ಅವ್ವ ಅಣ್ಣನ ಮನೆ ಮುಂದೆ ಹೋಗಿ ನಿಂತಳು. ಅವನು ಬನಿಯನ್ನಿನಲ್ಲಿ ಹೊರಗೆ ಬಂದ. ಹಿಂದೆ ಹೆಂಡತಿ, ಮುದಿ ತಾಯಿ. ಅವ್ವ ಬಗ್ಗಿ ಬೀದಿಯ ಮಣ್ಣನ್ನು ಹಿಡಿ ತುಂಬ ತೆಗೆದುಕೊಂಡಳು.

'ಗುರುತು ಸಿಕ್ತೇನೋ? ನಿನ್ನ ಹಸೆಗೆ ಕರೆದು ಹಾಡಿದೋಳು ನಾನು.'

'ಅಜ್ಜಿ, ಒಳಗ್ ಬಾ, ಕೂತ್ ಮಾತಾಡಣ,' ಎಂದನಂತೆ ಅವನು.

'ನಿನ್ ಬಾಗಿಲು ತುಳಿಯಲ್ಲ ನಾನು. ಅವತ್ತು ನೀನು ಬಾಳ್ಲಿ ಅಂತ ಹಾಡಿದ್ದೆ. ಆ ಸೋಬಾನೆ ಇವತ್ತು ವಾಪಸ್ ತಗಂಡೆ. ಇನ್ಮೇಲೆ ನಿಂದು ಹಾಡಿಲ್ಲದ ಮದ್ವೆ.'

ಹೇಳಿ ಮಣ್ಣನ್ನು ಬಾಗಿಲಿಗೆ ತೂರಿದಳು. ಅವನ ಹುಡುಗರಲ್ಲೊಬ್ಬ ಮುಂದೆ ಬಂದು ಅವ್ವನ ರಟ್ಟೆ ಹಿಡಿದ. ಅಣ್ಣ ಆ ಹುಡುಗನ ಕಪಾಳಕ್ಕೆ ಎಂಥ ಏಟು ಕೊಟ್ಟನೆಂದರೆ ಅವನು ಚರಂಡಿಗೆ ಹೋಗಿ ಬಿದ್ದ. ಕೂಲಿ ಕೊಟ್ಟವರ ಮಾತಿಗೆ ಎಂಥ ಬಾಯಿಯನ್ನಾದರೂ ಮುರಿಸುತ್ತಿದ್ದವನು ತನ್ನ ಬಾಗಿಲಿನ ಮಣ್ಣನ್ನು ನೋಡುತ್ತಾ ನಿಂತಿದ್ದನಂತೆ. ಅವನ ಹೆಂಡತಿ ಹೊಸ್ತಿಲಲ್ಲೇ ಕುಸಿದಳು.

ನಾವು ಕೊಟ್ಟ ಪೊಲೀಸ್ ಕಂಪ್ಲೇಂಟು ಎಲ್ಲಿಗೂ ಮುಟ್ಟಲಿಲ್ಲ. ಯಜಮಾನರು ಅಂಗಡಿಗಳಿಂದ ಉಳಿದ ಕ್ಯಾಸೆಟ್ಟುಗಳನ್ನು ವಾಪಸ್ ತರಿಸಿ, ಅವುಗಳ ಮೇಲೆ ಭಕ್ತಿಗೀತೆ ತುಂಬಿಸಿ ಮಾರಿದರು. ಗಿಟಾರಿನವನ ಎರಡು ಬೆರಳು ಮಡಚಲಾಗದೆ ಉಳಿದವು. ಅವನು ಬೇರೆ ಥರ ಹಿಡಿದು ನುಡಿಸುವುದನ್ನು ಕಲಿತ. ಬೈದುಕೊಂಡೇ ಕಲಿತ. ಎಸ್ಟೇಟಿನ ಗೇಟುಗಳ ಮುಂದೆ ಎಲ್ಲಾದರೂ ಧರಣಿ ಇದ್ದರೆ ನಮ್ಮನ್ನು ಕರೆಯುತ್ತಿದ್ದರು. ಹೋಗಿ ಹಾಡುತ್ತಿದ್ದೆವು. ಅಲ್ಲಿ ಯಾರೂ ಅದನ್ನು ಜನಪದವೋ ಅಲ್ಲವೋ ಎಂದು ಕೇಳಲಿಲ್ಲ. ಒಂದೆರಡು ಕಡೆ ಅಲ್ಲಿಯೂ ಏಟು ತಿಂದೆವು. ನನ್ನ ಗಂಡನನ್ನು ಆ ಕಾರ್ಖಾನೆಯವರು ಮತ್ತೆ ಒಳಗೆ ಸೇರಿಸಲಿಲ್ಲ. ಕೆಂಗೇರಿ ಉಪನಗರದ ಕಡೆ ಬಾಡಿಗೆ ಕಡಿಮೆ ಎಂದು ಅಲ್ಲಿಗೆ ಹೋದೆವು. ಅವರು ಅಲ್ಲೊಂದು ಗ್ರಿಲ್ ಮಾಡುವ ಶೆಡ್ಡಿಗೆ ಸೇರಿಕೊಂಡರು.

ಅವ್ವ ಅಂದಿನಿಂದ ಯಾವ ಮದುವೆಯಲ್ಲೂ ಹಾಡಲಿಲ್ಲ. ಕರೆಯಲು ಬಂದವರಿಗೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದಳು. ಅದು ಸುಳ್ಳೆಂದು ನನಗೆ ಗೊತ್ತಿತ್ತು.

ದಶಕ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಮಾಗಡಿ ರಸ್ತೆಯ ಹೋಟೆಲಿನಲ್ಲಿ ಊಟ ಮಾಡುತ್ತಿದ್ದ ಅಣ್ಣನನ್ನು ಇನ್ನೊಂದು ಗುಂಪಿನವರು ಲಾಂಗಿನಿಂದ ಕಡಿದು ಹಾಕಿದರು. ಕೈ ಎಲೆಯ ಮೇಲೇ ಉಳಿದಿತ್ತು ಎಂದು ಪೇಪರಿನಲ್ಲಿ ಬಂತು. ಸುದ್ದಿ ಕೇಳಿದಾಗ ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ. ನನ್ನ ಗಂಡ ಮಾತ್ರ ಆ ದಿನ ಊಟ ಮಾಡಲಿಲ್ಲ. ಹೆಗ್ಗನಹಳ್ಳಿಯಲ್ಲಿ ಜನ ಅವ್ವನನ್ನು ಕಂಡರೆ ಪಕ್ಕಕ್ಕೆ ಸರಿಯತೊಡಗಿದರು. ಇವಳು ಹಾಡು ಕಿತ್ತುಕೊಂಡಳು, ಅವನು ಸತ್ತ, ಎಂದು.

ಅವನ ತಿಥಿ ಮುಗಿದ ಮಾರನೇ ದಿನ ಅವ್ವ ನನ್ನನ್ನು ಕರೆಸಿ, 'ಬಾ, ವಿಜಯನಗರಕ್ಕೆ ಹೋಗ್ಬೇಕು,' ಎಂದಳು. ನಾನು ಬೀದಿಯ ತುದಿಯಲ್ಲೇ ನಿಂತೆ. ಅವ್ವ ಒಬ್ಬಳೇ ಆ ಮನೆಯ ಬಾಗಿಲು ದಾಟಿ ಒಳಗೆ ಹೋದಳು. ಬಿಸಿಲು ಇಳಿಯುವವರೆಗೂ ಹೊರಗೆ ಬರಲಿಲ್ಲ. ಬಂದವಳೇ ನನ್ನನ್ನು ಕರೆದುಕೊಂಡು ಹೆಗ್ಗನಹಳ್ಳಿ ಕಡೆಯ ಬಸ್ಸು ಹತ್ತಿದಳು.

'ಆ ಹುಡುಗಿ, ಅವ್ನ ಹೆಂಡ್ತಿ, ಕೇಳಿದ್ಲು,' ಎಂದಳು. 'ಅಜ್ಜಿ, ನೀವು ವಾಪಸ್ ತಗಂಡಿದ್ಕೇ ಹಿಂಗಾಯ್ತಾ ಅಂತ.'

'ಏನಂದೆ?'

'ಇಲ್ಲ ಕಣವ್ವಾ ಅಂದೆ. ಹಾಡಿಗೆ ಅಷ್ಟ್ ಶಕ್ತಿ ಇದ್ದಿದ್ರೆ ಅವತ್ತು ಮದ್ವೇಲಿ ಹಾಡಿದ್ದೇ ಅವನ್ನ ಒಳ್ಳೇವ್ನಾಗಿ ಮಾಡ್ಬೇಕಿತ್ತಲ್ಲ ಅಂದೆ.'

ಬಸ್ಸಿನಲ್ಲಿ ಫ್ಯಾಕ್ಟರಿ ಬಿಟ್ಟ ಜನ ತುಂಬಿಕೊಂಡರು. ಅವ್ವ ಒಂದು ಮಗುವನ್ನು ಯಾರದೆಂದೂ ಕೇಳದೆ ತೊಡೆಯ ಮೇಲೆ ಕೂರಿಸಿಕೊಂಡು, ಅದರ ತಲೆ ಕಂಬಿಗೆ ಬಡಿಯದ ಹಾಗೆ ಅಂಗೈ ಅಡ್ಡ ಹಿಡಿದಳು. ಸುಂಕದಕಟ್ಟೆ ದಾಟುವವರೆಗೂ ಹಾಗೇ ಹಿಡಿದಿದ್ದಳು.